ನಿನಗೂ ವಾಸನೆ ಬರ್ತಾ ಉಂಟಾ?

ಮೊನ್ನೆ ಬೆಳಿಗ್ಗೆ ಮೇಲಿನ ಮನೆಯವರ ಎ.ಸಿ. ಕಂಪ್ರೆಸರ್ ಸುಟ್ಟುಹೋಯಿತು. ನಾನು ಚಹಾಕ್ಕೆ ನೀರಿಡುತ್ತಿದ್ದೆ. ಅಡುಗೆಮನೆ ಕಿಟಕಿಯಿಂದ ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು. ಸ್ವಿಚ್ ಬೋರ್ಡ್ ನೋಡುವುದು ಬಿಟ್ಟು ಮೊದಲು ಮಗಳನ್ನು ಎಬ್ಬಿಸಿ, "ನಿನಗೂ ವಾಸನೆ ಬರ್ತಿದೆಯೇನೇ?" ಎಂದು ಕೇಳಿದೆ. "ಯೆಸ್ ಅಮ್ಮಾ, ಏನೋ ಬರ್ನ್ ಆಗ್ತಿದೆ" ಎಂದು ಅವಳು ಮೂಗು ಮುಚ್ಚಿಕೊಂಡಾಗ ಹೋದ ಜೀವ ಬಂದಂತಾಯಿತು. ಮನೆಯ ಪಕ್ಕದಲ್ಲೇ ಏನೋ ಸುಡುತ್ತಿದೆ ಎಂದು ತಿಳಿದು ಸಮಾಧಾನಪಡುವವಳು ಇಡೀ ಬಹರೈನ್‌ನಲ್ಲಿ ನಾನೊಬ್ಬಳೇ ಇರಬೇಕು. ಹೀಗೆ ಕೇಳುವ ಅಭ್ಯಾಸ ನನಗೆ ಅಂಟಿದ್ದು ಪಕ್ಕದ ಮನೆಯಲ್ಲಿದ್ದ ಅಕ್ಕನಿಂದ...

ಸನದ್‌ನ ಈ ಹಳೆಯ ವಿಲ್ಲಾದ ಕೆಳಗಿನ ಅಂತಸ್ತಿಗೆ ಮಾಲೀಕರು ನಡುವೆ ಗೋಡೆ ಹಾಕಿ ಎರಡು ಮನೆ ಮಾಡಿದ್ದರು. ಒಂದಕ್ಕೆ ನಾವು ಬಂದೆವು. ಇನ್ನೊಂದರಲ್ಲಿ ಉಡುಪಿ ಕಡೆಯ ಅಕ್ಕ ಮತ್ತು ಭಾವ ಮೊದಲಿನಿಂದಲೂ ಇದ್ದರು. ಮನೆಯ ಹಿಂದಿನ ಓಣಿಯಂಥ ಜಾಗದಲ್ಲಿ ಅಕ್ಕ ಖಾಲಿ ಪೇಂಟ್ ಡಬ್ಬಗಳಲ್ಲಿ ಬಸಳೆ ಬೆಳೆಸಿದ್ದರು. ಮೇಲಿನ ಮನೆಯ ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು ಬಕೆಟ್ಟಿಗೆ ಬೀಳುತ್ತಿತ್ತು, ಬಕೆಟ್ಟಿನಿಂದ ಬಳ್ಳಿಗೆ ಹೋಗುತ್ತಿತ್ತು. ಬೇಸಿಗೆ ಏರಿದಷ್ಟೂ ಎ.ಸಿ. ಹೆಚ್ಚು ಓಡುತ್ತಿತ್ತು, ಬಸಳೆಗೆ ಹೆಚ್ಚು ನೀರು ಸಿಗುತ್ತಿತ್ತು. "ಗವರ್ಮೆಂಟಿನವ್ರಿಗೂ ಇಂಥ ಐಡಿಯಾ ಬರ್ಲಿಕ್ಕಿಲ್ಲ" ಎಂದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಿದ್ದರು.

ದಾವಣಗೆರೆಯಿಂದ ಬಂದ ನನಗೆ ಬಸಳೆ ಅಂದರೆ ಲೋಳೆ ಸೊಪ್ಪು, ಅಷ್ಟೇ. ತೆಂಗಿನಕಾಯಿ ಮಸಾಲೆ ಅರೆದು ಅದರ ಗಸಿ ಮಾಡುವುದನ್ನು ಅಕ್ಕ ಕಲಿಸಿದರು. ಬೇರು ಬಿಟ್ಟ ಒಂದು ದಂಟನ್ನು ನನ್ನ ಡಬ್ಬದಲ್ಲೂ ನೆಟ್ಟುಕೊಟ್ಟರು. ನನ್ನ ಮಾತು ಅವರಿಗೆ ದಿನದ ತಮಾಷೆ. "ರೊಟ್ಟಿ ತಟ್ಟಿದ ಹಾಗೆ ಮಾತಾಡ್ತಿ ಮಾರಾಯ್ತಿ, ಸ್ವಲ್ಪ ಮೆಲ್ಲ!" ಎನ್ನುತ್ತಿದ್ದರು. ನಾನು ಬೇಕೆಂದೇ ಇನ್ನೂ ಜೋರಾಗಿ ತಟ್ಟುತ್ತಿದ್ದೆ.

ಒಂದು ದಿನ ಸಂಜೆ ಅಕ್ಕ ಬಾಗಿಲು ಬಡಿದು, "ಎಂತದೋ ರಬ್ಬರ್ ಸುಡ್ತಾ ಉಂಟು. ನಿನಗೂ ವಾಸನೆ ಬರ್ತಾ ಉಂಟಾ?" ಎಂದು ಕೇಳಿದರು. ನನಗೆ ಏನೂ ಬರಲಿಲ್ಲ. ಭಾವ ಪ್ಲಗ್ಗುಗಳನ್ನೆಲ್ಲ ಕಿತ್ತು ನೋಡಿದರು, ಗ್ಯಾಸ್ ಪೈಪನ್ನೂ ಮೂಸಿದರು. ಸನದ್‌ನಲ್ಲಿರುವವರಿಗೆ ಇಂಥ ದೂರಿಗೆ ಒಂದು ಸಿದ್ಧ ಉತ್ತರವಿದೆ. ಗಾಳಿ ತೈಲ ಕಾರ್ಖಾನೆಗಳಿರುವ ಸಿತ್ರಾ ಕಡೆಯಿಂದ ಬೀಸಿದರೆ ಏನಾದರೊಂದು ವಾಸನೆ ಬರುತ್ತದೆ. "ಸಿತ್ರಾದ ಗಾಳಿ ಮಾರಾಯ್ತಿ" ಎಂದು ಭಾವ ಕಿಟಕಿ ಹಾಕಿದರು. ಮರುದಿನವೂ ಅಕ್ಕ ಅದೇ ಪ್ರಶ್ನೆ ಹೊತ್ತು ಬಂದರು. ಅಂದು ಗಾಳಿಯೇ ಇರಲಿಲ್ಲ. ಮುಟ್ಟಿದರೆ ಅಕ್ಕನ ಮೈ ಬಿಸಿ ಇತ್ತು. ಫ್ಲೂ ಇರಬೇಕೆಂದು ಪೆನಡಾಲ್ ಮಾತ್ರೆ ಕೊಟ್ಟೆವು.

ಆಮೇಲೆ ಅಕ್ಕ ಬೇರೆಯೇ ಆದರು. ಚಹಾಕ್ಕೆ ಉಪ್ಪು ಹಾಕಿದರು. ನನ್ನನ್ನು ತಂಗಿಯ ಹೆಸರಿನಿಂದ ಕರೆದು, "ಅಮ್ಮ ಎಲ್ಲಿ?" ಎಂದು ಕೇಳಿದರು. ಅವರ ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಕಾರಣವಿಲ್ಲದೆ ಅತ್ತು, ಅಳುತ್ತಲೇ ನಕ್ಕುಬಿಟ್ಟರು. ಭಾವನ ಸ್ನೇಹಿತರು ಬಂದು ನೋಡಿದರು. ಕ್ಲಿನಿಕ್ಕಿನಲ್ಲಿ ಟೆನ್ಷನ್ ಅಂದರು, ನಿದ್ದೆ ಮಾತ್ರೆ ಕೊಟ್ಟರು. ಗಲ್ಫಿನಲ್ಲಿ ಮನಸ್ಸು ಕೆಟ್ಟವರಿಗೆ ನಮ್ಮವರಲ್ಲಿ ಒಂದೇ ಔಷಧ, ಊರಿನ ಟಿಕೆಟ್. "ಒಮ್ಮೆ ಊರಿಗೆ ಕಳ್ಸಿ ಮಾರಾಯ್ರೆ, ಊರ ಗಾಳಿ ತಾಗಿದ್ರೆ ಎಲ್ಲ ಸರಿ ಆಗ್ತದೆ" ಎಂದು ಎಲ್ಲರೂ ಹೇಳಿದರು. ಸಂಜೆಯೊಳಗೆ ಟಿಕೆಟ್ ಬಂತು. ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ, ಸಹಾಯವೆಂದೇ ಮಾಡಿದ್ದು.

ಕಾರಿನಲ್ಲಿ ನಾನೂ ಹೋಗಿದ್ದೆ. ಏರ್‌ಪೋರ್ಟಿನಲ್ಲಿ ಲಗೇಜು ತೂಗುತ್ತಿದ್ದಾಗ ಅಕ್ಕ ನನ್ನ ತೋಳು ಹಿಡಿದು, "ರಬ್ಬರ್..." ಅಂದರು. ಹಾಗೆಯೇ ಒರಗಿ ಬಿದ್ದರು. ಕೈಕಾಲು ಸೆಳೆದುಕೊಂಡವು, ಬಾಯಲ್ಲಿ ನೊರೆ ಬಂತು. ಆಂಬುಲೆನ್ಸ್ ಬಂತು. ಪೆಟ್ಟಿಗೆಗಳು ಕೌಂಟರಿನಲ್ಲೇ ಉಳಿದವು. ಆ ಫಿಟ್ಸ್ ಒಂದು ಗಂಟೆ ತಡವಾಗಿ ಬಂದಿದ್ದರೆ ಅಕ್ಕ ಸಮುದ್ರದ ಮೇಲೆ, ವಿಮಾನದೊಳಗೆ ಇರುತ್ತಿದ್ದರು.

ಆಸ್ಪತ್ರೆಯ ಡಾಕ್ಟರ್ ಬಹರೈನಿ ಹೆಂಗಸು, ಮಾತು ಕಡಿಮೆ. ಎಲ್ಲವನ್ನೂ ಕೇಳಿಸಿಕೊಂಡು, "ಇಲ್ಲದ ವಾಸನೆ ಏನಾದರೂ ಬರುತ್ತಿತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾವ ನನ್ನ ಮುಖ ನೋಡಿದರು. ತುಟಿಯ ಅಂಚಿನಲ್ಲಿ ಗುಳ್ಳೆ ಏಳಿಸುತ್ತದಲ್ಲ, ಅದೇ ಸಾಮಾನ್ಯ ವೈರಸ್ಸು ಎಂದರು ಡಾಕ್ಟರ್. ಬಹಳ ಮಂದಿಯ ಮೈಯಲ್ಲಿ ಅದು ಸುಮ್ಮನೆ ಮಲಗಿರುತ್ತದಂತೆ. ಎಲ್ಲೋ ಅಪರೂಪಕ್ಕೆ ಒಬ್ಬರಲ್ಲಿ ಮಿದುಳಿಗೆ ಹೋಗುತ್ತದೆ. ಏಕೆ ಹೋಗುತ್ತದೆ ಎಂದು ಖಚಿತವಾಗಿ ಹೇಳಲಾಗದು. ಹೋದಾಗ ಹೆಚ್ಚಾಗಿ ಮಿದುಳಿನ ಕಿವಿಯ ಪಕ್ಕದ ಭಾಗದಲ್ಲಿ ಬಾವು ಬರುತ್ತದೆ. ವಾಸನೆ, ನೆನಪು, ಕಂಡದ್ದನ್ನು ಗುರುತಿಸುವ ಶಕ್ತಿ, ಎಲ್ಲಕ್ಕೂ ಆ ಜಾಗ ಬೇಕು. ಬೆನ್ನಿನಿಂದ ತೆಗೆದ ನೀರಿನ ವರದಿಗೂ ಕಾಯದೆ ಅವರು ಔಷಧದ ಡ್ರಿಪ್ ಹಾಕಿಸಿದ್ದರು. ಪೂರ್ತಿ ಗುಣವಾಗುತ್ತಾಳಾ ಎಂದು ಭಾವ ಕೇಳಿದಾಗ "ಇನ್ಶಾ ಅಲ್ಲಾ" ಅಂದರು. ಆಫೀಸುಗಳಲ್ಲಿ ಆ ಮಾತು ಕೇಳಿದರೆ ಕೆಲಸ ಆಗುವುದಿಲ್ಲ ಎಂದು ನಾವು ನಗುತ್ತೇವೆ. ಆ ಡಾಕ್ಟರ್ ಹಾಗೆ ಹೇಳಿರಲಿಲ್ಲ. ನಿಜಕ್ಕೂ ಪ್ರಾರ್ಥಿಸುವವರಂತೆ ಹೇಳಿದ್ದರು.

ಜೀವ ಉಳಿಯಿತು. ವಾರಗಳ ನಂತರ ಅಕ್ಕ ಮನೆಗೆ ಬಂದರು. ಹೂವು ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಯಾರೋ ಎಂಬಂತೆ ನೋಡಿದರು. "ಅಕ್ಕಾ, ನಾನು. ಹೆಂಗಿದೀರಿ?" ಎಂದೆ. ಮುಖ ಅರಳಿತು. "ಓ, ರೊಟ್ಟಿ ತಟ್ಟುವವಳು!" ಅಂದರು. ಮುಖಗಳು ಹೋಗಿದ್ದವು, ದನಿಗಳು ಉಳಿದಿದ್ದವು. ಅಂದಿನಿಂದ ಭಾವ ಮನೆಯೊಳಗೆ ಬರುವಾಗಲೆಲ್ಲ ಹೊಸ್ತಿಲಲ್ಲಿ ನಿಂತು, "ನಾನು ಮಾರಾಯ್ತಿ" ಎಂದು ಕೂಗಿಯೇ ಒಳಗೆ ಕಾಲಿಡುತ್ತಿದ್ದರು.

ಇನ್ನೊಂದು ವಿಚಿತ್ರ ನಿಧಾನವಾಗಿ ಗೊತ್ತಾಯಿತು. ಕುಕ್ಕರು, ಕತ್ತರಿ, ನಲ್ಲಿ, ಪೈಪು, ಎಲ್ಲವನ್ನೂ ಅಕ್ಕ ಸರಿಯಾಗಿ ಹೇಳುತ್ತಿದ್ದರು. ಜೀವವಿದ್ದದ್ದು ಮಾತ್ರ ಅವರ ಪಾಲಿಗೆ ಅಳಿಸಿಹೋಗಿತ್ತು. ಗೋಡೆ ಮೇಲಿನ ಬೆಕ್ಕೂ ಕಾಗೆಯೂ ಅವರಿಗೆ "ಎಂತದೋ ಪ್ರಾಣಿ". ಈ ವೈರಸ್ಸು ಕೆಲವರಲ್ಲಿ ಹೀಗೂ ಮಾಡುತ್ತದೆ ಎಂದು ಡಾಕ್ಟರ್ ಹೇಳಿದರು. ಒಂದು ದಿನ ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಬಳ್ಳಿ ತೋರಿಸಿದೆ. ಎಲೆ ಮುಟ್ಟಿ, "ಚಂದ ಉಂಟು. ಎಂತ ಇದು?" ಎಂದು ಕೇಳಿದರು. ಬಸಳೆ ಅಂದೆ. ಹೆಸರು ಕೇಳಿದ ಹಾಗಿದೆ ಎಂದರು. ಮರುದಿನ ಮತ್ತೆ ಕೇಳಿದರು.

ನಾನು ಹಟ ಬಿಡಲಿಲ್ಲ. ಅವರು ಕಲಿಸಿದ ಗಸಿಯನ್ನೇ ಮಾಡಿ ಬಡಿಸಿದೆ. ನಾಲಿಗೆಯಾದರೂ ಗುರುತು ಹಿಡಿದೀತು ಎಂಬ ಆಸೆ. ಅಕ್ಕ ಉಂಡು, ಸ್ವಲ್ಪ ಯೋಚಿಸಿ, "ಮಸಾಲೆ ಸಣ್ಣ ಆಗ್ಲಿಲ್ಲ. ನಿನ್ನ ಮಿಕ್ಸಿಯ ಬ್ಲೇಡು ಹೋಗಿದೆ" ಎಂದರು. ನೋಡಿದರೆ ಬ್ಲೇಡು ನಿಜಕ್ಕೂ ಸವೆದಿತ್ತು. ಭಾವ ನಕ್ಕರು, ನಾನೂ ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಮುಂದಿನ ವರ್ಷ ಅಕ್ಕ, ಭಾವ ಊರಿಗೇ ಹೋಗಿ ನೆಲೆಸಿದರು. ನಾನು ಫೋನ್ ಮಾಡುತ್ತಿದ್ದೆ. ವೀಡಿಯೊ ಬೇಡ ಎನ್ನುತ್ತಿದ್ದರು. ಪರದೆಯ ಮೇಲಿನ ಮುಖ ಅವರಿಗೆ ಪರಕೀಯ, ಮಾತು ಸಾಕು. ನೀವೇ ನೆಟ್ಟುಕೊಟ್ಟ ಬಸಳೆ ಇನ್ನೂ ಇದೆ ಎಂದರೆ, "ಅದು ನೋಡ್ಲಿಕ್ಕೆ ಹೇಗೆ ಉಂಟು, ಹೇಳು" ಎನ್ನುತ್ತಿದ್ದರು. ಎಲೆ ದಪ್ಪ, ದಂಟು ಕೆಂಪು, ಮುರಿದರೆ ಲೋಳೆ, ಕಾಯಿ ಹಿಂಡಿದರೆ ಕೈಯೆಲ್ಲ ನೇರಳೆ ಎಂದು ಹೇಳುತ್ತಿದ್ದೆ. "ಹೌದಾ?" ಎಂದು ಮಕ್ಕಳು ಕಥೆ ಕೇಳುವ ಹಾಗೆ ಕೇಳುತ್ತಿದ್ದರು. ಪ್ರತಿ ಸಲವೂ ಹೊಸದು. ಎಂದಾದರೂ ಒಂದು ದಿನ ನಡುವೆ ತಡೆದು, "ಗೊತ್ತುಂಟು ಮಾರಾಯ್ತಿ, ಬಸಳೆ ಅಲ್ವಾ?" ಎಂದಾರು ಎಂದು ಕಾಯುತ್ತಿದ್ದೆ. ಅನ್ನಲಿಲ್ಲ. ಹೋದ ಮಳೆಗಾಲದಲ್ಲಿ ಮತ್ತೆ ಫಿಟ್ಸ್ ಬಂತು. ಈ ಸಲ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಸಿಗಲಿಲ್ಲ...

ಮೊನ್ನೆ ಮೆಕ್ಯಾನಿಕ್ ಬಂದು ಕಂಪ್ರೆಸರ್ ಇಳಿಸಿಕೊಂಡು ಹೋದ. ಮೇಲಿನ ಎ.ಸಿ. ನಿಂತಿದ್ದರಿಂದ ಬಕೆಟ್ಟು ಖಾಲಿ ಇತ್ತು. ನಲ್ಲಿಯ ನೀರನ್ನೇ ಹಿಡಿದು ಬಳ್ಳಿಗೆ ಹಾಕಿದೆ. ಒಂದೆರಡು ದಂಟು ಮುರಿದೆ. ಹಸಿ ಲೋಳೆಯ ವಾಸನೆ ಬಂತು. "ಎಲೆ ದಪ್ಪ ಅಕ್ಕಾ, ದಂಟು ಕೆಂಪು" ಎಂದು ಬಾಯಿ ತಾನಾಗಿ ಶುರು ಮಾಡಿತು. ನಾನು ಕಾದೆ. "ಹೌದಾ?" ಎನ್ನಲು ಆ ಕಡೆ ಯಾರೂ ಇರಲಿಲ್ಲ.