ಜೈಬುನ್ನೀಸಾ ಮೇಡಂ ಅವರ ಶನಿವಾರದ ಮೀಟಿಂಗ್

ನೆನೆಸಿಕೊಂಡ್ರೆ ಮೈಯೆಲ್ಲ ಉರಿಯತ್ತೆ ಕಣ್ರೀ. ನಾನು ವೇದಾ, ಹೆಬ್ಬಾಳದ ಹತ್ತಿರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ಕೊಡೋ ಡಾಕ್ಟರ್. ಹೊಟ್ಟೆ, ಕರುಳು, ಲಿವರ್ ಆಪರೇಷನ್ ಮಾಡೋ ಪ್ರೊಫೆಸರ್ ಜೈಬುನ್ನೀಸಾ ಅವರ ಜೊತೆ ವರ್ಷಗಟ್ಟಲೆ ಥಿಯೇಟರಿನಲ್ಲಿ ನಿಂತಿದೀನಿ. ಅವರಿಗೆ ಆದ ಅನ್ಯಾಯ ನಾನು ಹೇಳದೆ ಇನ್ಯಾರು ಹೇಳ್ಬೇಕು?

ಮೇಡಂ ಹುಟ್ಟಿ ಬೆಳೆದಿದ್ದು ಗೊರಗುಂಟೆಪಾಳ್ಯದಲ್ಲಿ. ಅಪ್ಪ ಮೆಹಬೂಬ್ ಪಾಷಾ ಲಾರಿ ಮೆಕ್ಯಾನಿಕ್. ರಿಪೇರಿ ಆದ ಲಾರಿ ಮತ್ತೆ ಕೆಟ್ಟು ವಾಪಸ್ ಬಂದ್ರೆ, ಗ್ಯಾರೇಜಿನವರನ್ನೆಲ್ಲ ಕರೆದು, ಅವರೆದುರಿಗೇ ಎಂಜಿನ್ ಬಿಚ್ಚಿ, "ನೋಡ್ರಪ್ಪಾ, ನಾನು ಕೆಡಿಸಿದ್ದು ಇಲ್ಲಿ" ಅಂತಿದ್ರಂತೆ. ಮಗಳು ಎಂಬಿಬಿಎಸ್, ಎಂಎಸ್, ಅದರ ಮೇಲೆ ಕರುಳಿನ ಸರ್ಜರಿ ಓದಿ ಪ್ರೊಫೆಸರ್ ಆದಮೇಲೂ ಅದೇ ಪದ್ಧತಿ ಹಿಡಿದರು. ಪ್ರತಿ ಶನಿವಾರ ಡಿಪಾರ್ಟ್‌ಮೆಂಟ್ ಮೀಟಿಂಗ್. ಆ ವಾರ ಯಾವ ಪೇಶಂಟಿಗೆ ಏನು ಎಡವಟ್ಟಾಯ್ತು ಅನ್ನೋದನ್ನ ಆಪರೇಷನ್ ಮಾಡಿದೋರೇ ಎದ್ದು ಹೇಳ್ಬೇಕು. ಮೊದಲು ಮೇಡಂ ತಮ್ಮದನ್ನ ಹೇಳೋರು. ಕತ್ತರಿಸಿ ಜೋಡಿಸಿದ ಕರುಳು ಹೊಲಿಗೆ ಬಿಟ್ಟು ಸೋರಿದ್ರೆ, ಬೋರ್ಡ್ ಮೇಲೆ ಚಿತ್ರ ಬರೆದು, "ಇಲ್ಲಿಗೆ ರಕ್ತ ಸಾಲದು ಅಂತ ನಂಗೆ ಗೊತ್ತಾಗ್ಬೇಕಿತ್ತು" ಅನ್ನೋರು. ಎಷ್ಟೋ ಸರ್ಜನ್‌ಗಳು ಆ ರೂಮಲ್ಲೇ ಕೆಲಸ ಕಲಿತರು. ಅಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅಂತ ಎಲ್ಲರೂ ಒಪ್ಪಿದ್ದರು.

ಆದ್ರೂ ಆ ಮಾತು ಹೊರಗೆ ಹೋಯ್ತಲ್ಲ. ಈ ವರ್ಷ ಡಿಪಾರ್ಟ್‌ಮೆಂಟ್ ಮುಖ್ಯಸ್ಥರ ಹುದ್ದೆ ಖಾಲಿಯಾಯ್ತು. ನ್ಯಾಯವಾಗಿ ಅದು ಮೇಡಂಗೇ ಬರಬೇಕು. ಇಂಟರ್‌ವ್ಯೂನಲ್ಲಿ ಆಡಳಿತ ಮಂಡಳಿಯವರು ಅವರನ್ನ ಕೇಳಿದ್ದೇನು ಗೊತ್ತಾ? "ಹೊಲಿಗೆ ಸೋರಿದ್ದು ಜಾಸ್ತಿ ನಿಮ್ಮ ಪೇಶಂಟ್‌ಗಳಿಗೇ ಅಂತಲ್ಲ? ನಾಗೇಶ್ ಅವರದು ಒಂದೂ ಇಲ್ಲ." ಅಲ್ಲ ಸ್ವಾಮಿ, ಹೇಳಿಕೊಂಡೋರೆಲ್ಲ ಅಪರಾಧಿಗಳು, ಬಾಯಿ ಮುಚ್ಚಿಕೊಂಡೋರೆಲ್ಲ ಸಾಚಾನಾ? ಅದೇ ಹುದ್ದೆಗೆ ಅರ್ಜಿ ಹಾಕಿದ್ದ ಆ ನಾಗೇಶ್ ಮೇಡಂ ಹತ್ತಿರಾನೇ ಕರುಳು ಹೊಲಿಯೋದು ಕಲಿತವನು. ತನ್ನ ಪೇಶಂಟಿಗೆ ಹೆಚ್ಚುಕಮ್ಮಿಯಾದ್ರೆ ಸದ್ದಿಲ್ಲದೆ ಬೇರೆ ಆಸ್ಪತ್ರೆಗೆ ಸಾಗಹಾಕ್ತಾನೆ. ಅವನನ್ನೇ ಮುಖ್ಯಸ್ಥ ಮಾಡಿದರು. ನಾನು ಕೂಗಾಡಿದೆ. ಮೇಡಂ ಮಾತ್ರ, "ಹುದ್ದೆ ಹೋಗ್ಲಿ ವೇದಾ. ಇನ್ಮೇಲೆ ಹುಡುಗರು ಯಾರೂ ತಪ್ಪು ಹೇಳಲ್ಲ, ನಂಗೆ ಅದೇ ಭಯ" ಅಂದ್ರು.

ಹಾಗೇ ಆಯ್ತು. ನಾಗೇಶ್ ನಡೆಸಿದ ಮೊದಲ ಮೀಟಿಂಗಲ್ಲಿ, "ಯಾರದಾದ್ರೂ ಏನಾದ್ರೂ ಇದೆಯಾ?" ಅಂದ. ಪಿಜಿ ಓದೋ ಹುಡುಗರೆಲ್ಲ ತಲೆ ಬಗ್ಗಿಸಿ ಮೊಬೈಲ್ ನೋಡ್ತಾ ಕೂತರು. "ಸರಿ, ಟೀ ಕುಡಿಯೋಣ" ಅಂತ ಅವನು ಏಳೋಷ್ಟರಲ್ಲಿ ಮೇಡಂ ಬೋರ್ಡ್ ಹತ್ತಿರ ಹೋದರು. ಇಲ್ಲೇ ಹತ್ತಿರದ ಸಿಂಗಾಪುರ ಅನ್ನೋ ಹಳ್ಳಿಯ ಪಿಳ್ಳಪ್ಪ ಅನ್ನೋ ಯಜಮಾನರ ಕರುಳಿನ ಚಿತ್ರ ಬರೆದರು. ಆ ವಾರ ಮೇಡಂ ಹಾಕಿದ ಹೊಲಿಗೆ ಸೋರಿ, ಅವರೇ ಮತ್ತೆ ಹೊಟ್ಟೆ ಕೊಯ್ದು ಸರಿಮಾಡಿದ್ದರು. ಯಜಮಾನರು ಈಗ ಗಂಜಿ ಕುಡೀತಿದ್ದರು.

"ಕರುಳನ್ನ ಎಳೆದು ಜೋಡಿಸಿಬಿಟ್ಟೆ. ಇನ್ನಷ್ಟು ಬಿಡಿಸಿ, ಸಡಿಲ ಮಾಡಿಕೊಂಡು ಹೊಲೀಬೇಕಿತ್ತು. ತಪ್ಪು ನನ್ನದು," ಅಂದರು. ಆಮೇಲೆ ಮಾರ್ಕರನ್ನ ನಾಗೇಶನ ಕಡೆ ಚಾಚಿದರು.

"ಗುರುವಾರ ಆಂಬುಲೆನ್ಸಲ್ಲಿ ಒಬ್ಬರನ್ನ ಕಳಿಸಿದ್ರಲ್ಲ, ಅವರ ಕರುಳು ನೀವು ಬರೀತೀರಾ ನಾಗೇಶ್, ಇಲ್ಲಾ ನಾನೇ ಬರೀಲಾ?"

ಹುದ್ದೆ ಇವತ್ತಿಗೂ ಅವನದೇ, ಅದಕ್ಕೇ ನನ್ನ ಸಿಟ್ಟು ಇಳಿದಿಲ್ಲ. ಆದ್ರೆ ಆವತ್ತು ಪಿಜಿ ಹುಡುಗರು ಒಬ್ಬೊಬ್ಬರೇ ಮೊಬೈಲ್ ಕೆಳಗಿಟ್ಟು ಅವನ ಮುಖ ನೋಡಿದರು. ನಾಗೇಶ್ ಎದ್ದು ಬಂದು ಮಾರ್ಕರ್ ತಗೊಂಡ.