ಬೇಯದ ರಬ್ಬರು, ನನ್ನ ಕೈಗುಣ

ಕೈಗುಣ ಎನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆಯ ಕೈಗುಣಕ್ಕೆ ಸಾರು ರುಚಿಯಾಯಿತು, ಡಾಕ್ಟರ ಕೈಗುಣಕ್ಕೆ ಜ್ವರ ಇಳಿಯಿತು ಎಂದು ಜನ ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ನನಗೆ ಆ ಮಾತು ಹೇಳಿದ್ದು ಬೈಲಹೊಂಗಲದ ಒಂದು ರಬ್ಬರ್ ಕಾರ್ಖಾನೆಯಲ್ಲಿ, ಮೂರು ಜನ ನಿಂತು, ನನ್ನ ಮುಖ ನೋಡದೆ.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಸವದತ್ತಿ ರಸ್ತೆಯ ಪಕ್ಕದಲ್ಲೊಂದು ತಗಡಿನ ಶೆಡ್ಡು. ಒಳಗೆ ರಬ್ಬರ್ ಕಲಸುವ ರೋಲರ್ ಮಶೀನು, ಎರಡು ಪ್ರೆಸ್ಸು, ಒಂದು ಓವನ್ನು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪಿಯುಸಿ ಸೈನ್ಸ್ ಮುಗಿಸಿದ ನಾನು ಸಂಗೊಳ್ಳಿ ಕಡೆಯ ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಹಾಲಿನ ಡೇರಿಯಲ್ಲಿ ಪೈಪಿಗೆ ಪೈಪು ಕೂಡುವ ಕಡೆ ಹಾಕುತ್ತಾರಲ್ಲ, ಬಳೆಯಂಥ ಬಿಳಿ ವಾಷರು, ಅವು ಅಲ್ಲಿ ಸಿಲಿಕೋನ್ ರಬ್ಬರಿನಿಂದ ತಯಾರಾಗುತ್ತಿದ್ದವು. ಮೇಸ್ತ್ರಿ ರಬ್ಬರು ಕಲಸಿ ಹಾಳೆ ಮಾಡಿ ಕೊಡುತ್ತಿದ್ದ. ಹೆಂಗಸರು ನಾವಿಬ್ಬರು ಅದನ್ನು ಪಟ್ಟಿಯಾಗಿ ಕತ್ತರಿಸಿ, ತೂಗಿ, ಸುತ್ತಿ ಅಚ್ಚಿನೊಳಗೆ ಇಡುತ್ತಿದ್ದೆವು. ಇನ್ನೊಬ್ಬಾಕೆ ನನಗಿಂತ ಹತ್ತು ವರ್ಷ ದೊಡ್ಡವಳು, ಹೊಲಮನೆ ಇದ್ದ ಮನೆತನದವಳು. ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಮೊದಲ ದಿನವೇ ಮಾಲೀಕರು ನಮ್ಮ ಮನೆ ಊರೊಳಗೆ ಎಲ್ಲಿ ಬರುತ್ತದೆ ಎಂದು ಕೇಳಿದರು. ಎಲ್ಲರೂ ಅವರನ್ನು ಸಾವಕಾರ್ರು ಎನ್ನುತ್ತಿದ್ದರು. ನಾನು ಕೇರಿಯ ಹೆಸರು ಹೇಳಿದೆ. ನಮ್ಮ ಅಪ್ಪ ಮನೆಯಲ್ಲಿ ಬುದ್ಧನ ಪಟ ಹಾಕಿ ವರ್ಷಗಳಾಗಿದ್ದವು, ಆದರೆ ಊರಿನವರ ಕಣ್ಣಿನಲ್ಲಿ ಕೇರಿ ಕೇರಿಯೇ. ಸಾವಕಾರ್ರು ಕಪಾಟಿನಿಂದ ಒಂದು ಜೊತೆ ಗ್ಲೌಸು ತೆಗೆದು ಮೇಜಿನ ಮೇಲಿಟ್ಟರು. ಆಸ್ಪತ್ರೆಯಲ್ಲಿ ಹಾಕುವಂಥ ತೆಳ್ಳನೆಯ ರಬ್ಬರಿನವು.

“ಹಾಲಿನ ಸಾಮಾನ ನೋಡವಾ ಇವು. ಎಲ್ಲಾರ ಮನಿಗೂ ಹೋಗೂ ಹಾಲು. ಸ್ವಚ್ಛ ಇರಬೇಕು,” ಅಂದರು.

ಅಕ್ಕ ಬರಿಗೈಯಲ್ಲಿ ಕೆಲಸ ಮಾಡುತ್ತಿದ್ದಳು. ಮೇಸ್ತ್ರಿ ತಂಬಾಕು ತಿಕ್ಕಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಾಳೆ ಎತ್ತುತ್ತಿದ್ದ. ಸ್ವಚ್ಛತೆ ಬೇಕಾದದ್ದು ನನ್ನ ಕೈಗೆ ಮಾತ್ರ. ಅರ್ಥವಾಗದಷ್ಟು ಪೆದ್ದಿ ನಾನಾಗಿರಲಿಲ್ಲ. ಕೆಲಸ ಬೇಕಾಗಿತ್ತು, ಹಾಕಿಕೊಂಡೆ. ಆ ಹಾಕಿಕೊಂಡದ್ದಕ್ಕೆ ನನ್ನ ಮೇಲೆ ನನಗೇ ಇರುವ ಸಿಟ್ಟು ಬೇರೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಎಲ್ಲ ಸರಿಯಾಗಿಯೇ ನಡೆಯಿತು. ಆಗ ನಮ್ಮದು ಪೆರಾಕ್ಸೈಡ್ ಪದ್ಧತಿ. ರಬ್ಬರಿಗೆ ಪೆರಾಕ್ಸೈಡಿನ ಪೇಸ್ಟು ಕಲಸಿ, ಕಾದ ಪ್ರೆಸ್ಸಿನಲ್ಲಿ ಒತ್ತಿದರೆ ಗಟ್ಟಿಯಾಗುತ್ತದೆ. ಶೆಡ್ಡಿನಲ್ಲಿ ಅದಕ್ಕೆ ಬೇಯುವುದು ಅನ್ನುತ್ತಿದ್ದೆವು. ಬೆಂದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಒಳಗೆ ಉಳಿದ ಘಾಟು ಹೋಗಲಿ ಎಂದು ವಾಷರುಗಳನ್ನು ಮತ್ತೆ ನಾಲ್ಕು ತಾಸು ಓವನ್ನಿನಲ್ಲಿ ಇಡಬೇಕು. ನಡುವೆ ಕರೆಂಟು ಹೋಯಿತೋ, ಘಾಟು ಹಾಗೇ ಉಳಿಯಿತು. ಬೈಲಹೊಂಗಲದ ಕರೆಂಟು ಆಗ ಯಾರ ಮಾತೂ ಕೇಳುತ್ತಿರಲಿಲ್ಲ. ಡೇರಿಯವರು ಹಾಲು ವಾಸನೆ ಬರುತ್ತದೆ ಎಂದು ಮಾಲು ವಾಪಸು ಕಳಿಸಿದರು.

ಅದಕ್ಕೆ ಸಾವಕಾರ್ರು ಪ್ಲಾಟಿನಂ ಪದ್ಧತಿ ತಂದರು. ಎ ಒಂದು ಡಬ್ಬಿ, ಬಿ ಒಂದು ಡಬ್ಬಿ, ಎರಡನ್ನೂ ಸಮಸಮ ಕಲಸುವುದು. ಅದರಲ್ಲಿ ಪ್ಲಾಟಿನಂ ಇರುವುದು ಹಾಲಿಗೆ ಹಾಕುವ ಹೆಪ್ಪಿಗಿಂತ ಎಷ್ಟೋ ಕಡಿಮೆ, ಆದರೆ ಇಡೀ ರಬ್ಬರು ಅದರಿಂದಲೇ ಗಟ್ಟಿಯಾಗುತ್ತದೆ. ಶಾಖ ಕಡಿಮೆ ಸಾಕು, ಬೇಗ ಬೇಯುತ್ತದೆ, ಘಾಟಿಲ್ಲ. ಎರಡನ್ನೂ ಹೋಲಿಸಿದರೆ ಹೊಸದು ಎಲ್ಲದರಲ್ಲೂ ಮೇಲು. ನನಗೂ ಖುಷಿಯಾಯಿತು.

ಮೊದಲ ಪ್ರೆಸ್ಸು ತೆರೆದಾಗ ಅಕ್ಕ ಇಟ್ಟ ವಾಷರುಗಳು ಹೊಳೆಯುತ್ತಿದ್ದವು. ನಾನು ಇಟ್ಟವು ಅಂಟಂಟಾಗಿ, ಮುಟ್ಟಿದರೆ ಬೆರಳಿಗೆ ಹತ್ತುವಂತೆ ಹಸಿಯಾಗಿದ್ದವು. ಮೇಸ್ತ್ರಿ ಅಚ್ಚು ಬದಲಿಸಿದ, ಪ್ರೆಸ್ಸು ಬದಲಿಸಿದ, ಒಂದೇ ಹಾಳೆಯನ್ನು ಅರ್ಧರ್ಧ ಮಾಡಿ ಇಬ್ಬರಿಗೂ ಕೊಟ್ಟ. ಮೂರು ದಿನ ಅದೇ ಆಯಿತು. ಅಕ್ಕನದು ಬೆಂದಿತು, ನನ್ನದು ಹಸಿ.

“ಕೆಲವರ ಕೈಗುಣಾನ ಹಂಗ ಇರತೈತ್ರಿ,” ಎಂದಳು ಅಕ್ಕ, ಸಾವಕಾರ್ರ ಕಡೆ ತಿರುಗಿ.

“ಹಾಳಿ ಒಂದ, ಮಶೀನ್ ಒಂದ. ಮತ್ತೇನಂತ ಹೇಳೂದ್ರಿ?” ಎಂದ ಮೇಸ್ತ್ರಿ.

ಸಾವಕಾರ್ರು ನೆಲ ನೋಡುತ್ತ ನನಗೆ ಹೇಳಿದರು. “ಕೈಗುಣಕ್ಕ ಯಾರೇನ ಮಾಡಾಕ ಬರತೈತಿ? ಸೋಮವಾರದಿಂದ ನೀ ಹೊರಗ ಕಸಾ ಹೊಡಿ, ಡಬ್ಬಿ ತೊಳಿ. ರಬ್ಬರ್ ಮುಟ್ಟಬ್ಯಾಡ.”

ಆ ಸಂಜೆ ಮನೆಯಲ್ಲಿ ಜೋಳದ ಹಿಟ್ಟು ನಾದುತ್ತ ನನ್ನ ಕೈಗಳನ್ನೇ ನೋಡಿದೆ. ಏನಿದೆ ಇವುಗಳಲ್ಲಿ? ಕಣ್ಣಾರೆ ಕಂಡದ್ದನ್ನು ಇಲ್ಲ ಎನ್ನುವುದು ಹೇಗೆ? ಹೌದು, ನಾನೂ ಅರ್ಧ ನಂಬಿದೆ. ಸೈನ್ಸ್ ಓದಿದವಳು, ಬುದ್ಧನ ಪಟದ ಕೆಳಗೆ ಕೂತು, ನನ್ನ ಕೈ ಕೆಟ್ಟದ್ದಿರಬಹುದು ಎಂದುಕೊಂಡೆ. ಅವರನ್ನು ಬೇಕಾದರೂ ಬಿಟ್ಟೇನು, ನನ್ನನ್ನು ಆ ಹಂತಕ್ಕೆ ತಂದದ್ದನ್ನು ಬಿಡಲಾರೆ.

ರೊಟ್ಟಿ ಬಡಿಯುವಾಗ ತಲೆ ಓಡಿತು. ಇದೇ ಕೈ ವರ್ಷವಿಡೀ ಪೆರಾಕ್ಸೈಡಿನ ವಾಷರು ಮಾಡಿತ್ತು. ಒಂದೂ ಹಸಿ ಉಳಿದಿರಲಿಲ್ಲ. ಕೈ ಕೆಟ್ಟದ್ದಾದರೆ ಆಗಲೂ ಕೆಡಬೇಕಿತ್ತಲ್ಲ? ಬದಲಾದದ್ದು ಪದ್ಧತಿ. ಮರುದಿನ ಶನಿವಾರ, ಬೇಗ ಹೋಗಿ ಹೊಸ ಡಬ್ಬಿಗಳ ಜೊತೆ ಬಂದಿದ್ದ ಇಂಗ್ಲಿಷ್ ಕಾಗದ ಹುಡುಕಿದೆ. ಎಣ್ಣೆಯ ಕ್ಯಾನಿನ ಕೆಳಗೆ ಸಿಕ್ಕಿತು. ಯಾರೂ ಓದಿರಲಿಲ್ಲ. ಇಂತಿಂಥ ವಸ್ತು ತಗುಲಿದರೆ ಪ್ಲಾಟಿನಂ ಕೆಲಸ ಮಾಡುವುದಿಲ್ಲ ಎಂದು ಅದರಲ್ಲಿತ್ತು. ಮೊದಲ ಹೆಸರೇ ಗಂಧಕ.

ಮರದ ಹಾಲಿನ ರಬ್ಬರನ್ನು ಗಂಧಕ ಹಾಕಿ ಗಟ್ಟಿ ಮಾಡುತ್ತಾರೆ ಎಂದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ನನ್ನ ಕೈಯಲ್ಲಿದ್ದ ಗ್ಲೌಸು ಅದೇ ರಬ್ಬರಿನದು.

ಸಾವಕಾರ್ರು ಬಂದ ಕೂಡಲೇ, “ಇವತ್ತೊಂದ ಸಲ ಪರೀಕ್ಷೆ ಮಾಡ್ರಿ. ಅಕ್ಕ ಗ್ಲೌಸ್ ಹಾಕ್ಕೊಳ್ಳಲಿ, ನಾ ಬರಿಗೈಲೆ ಮಾಡತೇನಿ,” ಎಂದೆ. ನನ್ನ ಗ್ಲೌಸು ಮುಂದೆ ಹಿಡಿದೆ. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು.

“ನೀ ಹಾಕಿದ್ದ ನಾ ಹಾಕಲ್ಲವಾ.”

ಅದೇ ಗ್ಲೌಸಿನ ಹೊಸ ಪೊಟ್ಟಣ ಒಡೆಸಿ ಅಕ್ಕನಿಗೆ ಹಾಕಿಸಿದೆ. ಒಂದೇ ಹಾಳೆ, ಒಂದೇ ಪ್ರೆಸ್ಸು. ತೆರೆದಾಗ ನನ್ನ ಬರಿಗೈಯ ವಾಷರು ಎಳೆದರೆ ಪಟ್ಟನೆ ವಾಪಸು ಬರುವಂತೆ ಗಟ್ಟಿಯಾಗಿತ್ತು. ಅಕ್ಕನದು ಅಂಟು.

“ಯವ್ವಾ! ನನ್ನ ಕೈಗೇನ ಬಂತ?” ಎಂದು ಆಕೆ ಗಾಬರಿಯಿಂದ ಗ್ಲೌಸು ಕಿತ್ತಳು. ಅಳುವ ಮುಖ ಮಾಡಿದ್ದಳು. ಮೂರು ದಿನ ನನ್ನ ಕೈಗೆ ಏನು ಬಂತು ಎಂದು ಗಾಬರಿಯಾದವರು ಯಾರೂ ಇರಲಿಲ್ಲ. ನಾನು ಕಾಗದ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಮೇಸ್ತ್ರಿ ತಲೆ ಕೆರೆದುಕೊಂಡ. ಸಾವಕಾರ್ರು ಹಲ್ಲು ಕಿರಿದರು.

“ಅಂದ್ರ ತಪ್ಪು ಗ್ಲೌಸಿಂದು. ಶಾಣ್ಯಾಕಿ ಇದ್ದಿ ನೀ. ಕಸಾ ಗಿಸಾ ಏನೂ ಬ್ಯಾಡ, ಒಳಗ ಕೆಲಸಾ ಮಾಡು.”

ಗೆದ್ದೆ ಎಂದುಕೊಂಡು ಮನೆಗೆ ಹೋದೆ. ಅಪ್ಪನಿಗೆ ಎರಡು ಸಲ ಹೇಳಿದೆ.

ಸೋಮವಾರ ನನ್ನ ಜಾಗದಲ್ಲಿ ಒಂದು ಹೊಸ ಪೊಟ್ಟಣ ಇತ್ತು. ಪ್ಲಾಸ್ಟಿಕ್ಕಿನ ಗ್ಲೌಸು.

“ಇದರಾಗ ಗಂಧಕ ಇಲ್ಲ, ಕೇಳಿಕೊಂಡ ತಂದೇನಿ,” ಎಂದರು ಸಾವಕಾರ್ರು, ಬಹಳ ದೊಡ್ಡ ಉಪಕಾರ ಮಾಡಿದವರಂತೆ.

ಅಕ್ಕ ಪಕ್ಕದಲ್ಲಿ ಬರಿಗೈಯಲ್ಲಿ ಪಟ್ಟಿ ಕತ್ತರಿಸುತ್ತಿದ್ದಳು. ನಾನು ಅಷ್ಟು ದಿನ ಕೇಳದೆ ಇದ್ದದ್ದನ್ನು ಅವತ್ತು ಕೇಳಿದೆ. “ಅಕ್ಕಗ ಎಲ್ಲೈತ್ರಿ?”

“ಆಕಿಗ್ಯಾಕ?” ಎಂದರು. ಅವರ ಮುಖದಲ್ಲಿ ಕಪಟ ಇರಲಿಲ್ಲ. ಪ್ರಶ್ನೆ ಏನೆಂದೇ ಅವರಿಗೆ ತಿಳಿದಿರಲಿಲ್ಲ.

ಪೊಟ್ಟಣವನ್ನು ಅಲ್ಲೇ ಬಿಟ್ಟು, ಬುತ್ತಿ ಎತ್ತಿಕೊಂಡು ಹೊರಗೆ ಬಂದೆ. ನಮ್ಮೂರ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಸ್ಟ್ಯಾಂಡಿನಲ್ಲಿ ಕೂತು ಬುತ್ತಿ ಬಿಚ್ಚಿ, ಸಿಟ್ಟಿನಲ್ಲೇ ಬರಿಗೈಯಿಂದ ರೊಟ್ಟಿ ಮುರಿದು ತಿಂದೆ.