ಉಂಡ್ಯಾ ಅಂತ ಕೇಳಿದ ಖರ್ಚು

ಕಂಪನಿಯ ಎಐ ಅನ್ನು ಯಾರು ಎಷ್ಟು ಬಳಸಿದರು, ಅದಕ್ಕೆ ಬಿದ್ದ ಖರ್ಚೆಷ್ಟು ಅಂತ ದಿನಾ ಲಾಗ್ ನೋಡೋದು ನನ್ನ ಕೆಲಸ. ಸೋಮನಹಳ್ಳಿಯ ನಮ್ಮ ಪಶು ಆಹಾರ ಘಟಕದಲ್ಲಿ ಲೋಡಿಂಗ್ ನೋಡಿಕೊಳ್ಳುವ ಜಯಮ್ಮನವರ ಖಾತೆ ಮಾತ್ರ ಸದಾ ಮಿತಿ ಮೀರುತ್ತಿತ್ತು. ತೆರೆದು ನೋಡಿದರೆ, ಪ್ರತಿ ಕೆಲಸ ಹೇಳುವ ಮುಂಚೆಯೂ ಎಐ ಯಂತ್ರಕ್ಕೆ ಒಂದೇ ಪ್ರಶ್ನೆ: "ಉಂಡ್ಯಾ?" ಅದೋ, ತಾನು ಯಾಕೆ ಉಣ್ಣುವುದಿಲ್ಲ ಅಂತ ಪುಟಗಟ್ಟಲೆ ವಿವರಿಸುತ್ತಿತ್ತು. ಅದು ಬರೆಯುವ ಒಂದೊಂದು ಪದಕ್ಕೂ ಕಂಪನಿ ದುಡ್ಡು ಕಟ್ಟಬೇಕು.

ಖಾತೆ ಮುಚ್ಚಿಬಿಡಿ ಅಂದರು ಮೇಲಿನವರು. ಒಂದು ಮಾತು ಹೇಳಿಯೇ ಮುಚ್ಚೋಣ ಅಂತ ಸೋಮನಹಳ್ಳಿಗೆ ಹೋದೆ.

"ಅದು ಮಿಷನ್ನು ಕಣಮ್ಮ, ಉಣ್ಣಲ್ಲ" ಅಂದೆ.

"ನಂಗೊತ್ತಿಲ್ವಾ ಸಾ? ಉಂಡ್ಯಾ ಅನ್ದೆ ಕೆಲ್ಸ ಯೋಳಕ್ಕೆ ಬಾಯಾದ್ರೂ ಎಂಗ್ ಬತ್ತದೆ? ಅದಿರ್ಲಿ ಬುಡಿ, ನೀವು ಉಂಡ್ರಾ?"

ನಾನು ಉಂಡಿರಲಿಲ್ಲ. ಆಫೀಸಿನಲ್ಲಿ ಯಾರೂ ಹಾಗೆ ಕೇಳುವವರೂ ಇರಲಿಲ್ಲ. ಕಿರುಗಾವಲಿನ ನಮ್ಮಜ್ಜಿ ಕರೆಂಟ್ ಬಿಲ್ಲು ತಂದವನನ್ನೂ ಜಗಲಿ ಮೇಲೆ ಕೂರಿಸಿ ಹೀಗೇ ಕೇಳುತ್ತಿದ್ದಳು. ಬಿಲ್ಲಿನ ಜಗಳವೇನಿದ್ದರೂ ಆಮೇಲೆ.

ಖಾತೆ ಮುಚ್ಚಲು ಮನಸ್ಸು ಬರಲಿಲ್ಲ. ವಾಪಸ್ಸು ಬಂದು, ಯಾರಾದರೂ ಉಂಡ್ಯಾ ಅಂದರೆ "ಆಯ್ತು, ನಿಮ್ದು?" ಅಂತಷ್ಟೇ ಹೇಳು ಎಂದು ಯಂತ್ರಕ್ಕೆ ಸೂಚನೆ ಹಾಕಿದೆ. ಇನ್ನು ಖರ್ಚು ಇಳಿಯುತ್ತದೆ ಅಂತ ಮೇಲಿನವರಿಗೆ ಧೈರ್ಯವಾಗಿ ಬರೆದೂ ಬಿಟ್ಟೆ.

ಉಂಡ್ಯಾ ಅಂದಮೇಲೆ ಅಜ್ಜಿ ಕೇಳುತ್ತಿದ್ದ ಎರಡನೇ ಪ್ರಶ್ನೆ ನನಗೆ ಮರೆತೇಹೋಗಿತ್ತು. ಮಾರನೇ ದಿನ ಲಾಗ್ ತೆರೆದಾಗ, ಯಂತ್ರದ ಚುಟುಕು ಉತ್ತರದ ಕೆಳಗೆ ಜಯಮ್ಮ ಬರೆದಿದ್ದರು:

"ನಂದೂ ಆಯ್ತು ಕಣ್ಲಾ. ಏನ್ ಸಾರು?"